ಓಮ್ನಿಯ ಹಿಂದಿನ ಶಾಕ್: ಬಿಚ್ಚಲು ಬಾರದ ಬೋಲ್ಟಿನ ಜೊತೆ ಒಂದು ವಾರಾಂತ್ಯ

ಮಾರುತಿ ಓಮ್ನಿಯ ಹಿಂದಿನ ಶಾಕ್ ಅಬ್ಸಾರ್ಬರ್ ನೋಡಿದರೆ ಇದೇನು ಮಹಾ ಅನ್ನಿಸುತ್ತದೆ. ಮೇಲೊಂದು ಕಣ್ಣು (ಬೋಲ್ಟ್ ತೂರುವ ಬಳೆ), ಕೆಳಗೊಂದು ಕಣ್ಣು, ಎರಡರಲ್ಲೂ ಬುಷ್ ಅನ್ನುವ ರಬ್ಬರ್ ಮೆತ್ತೆ. ಎರಡು ಕಡೆ ಬಿಚ್ಚಿದರೆ ಕೈಗೆ ಬರಬೇಕು. ಹಿಂದೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಯ ಸ್ಪ್ರಿಂಗ್) ಇರುವುದರಿಂದ ಶಾಕ್ ಬಿಚ್ಚಿದರೂ ಚಕ್ರಗಳ ಆಕ್ಸಲ್ ಇದ್ದಲ್ಲೇ ಇರುತ್ತದೆ. ಸ್ಪ್ರಿಂಗ್ ಸಿಡಿಯುವ ಭಯವಿಲ್ಲ.

ತೊಂದರೆ ಏನಿದ್ದರೂ ತುಕ್ಕಿನದು. ಬೆಂಗಳೂರಲ್ಲೇ ಓಡಿದ ಗಾಡಿಗಳ ಅಡಿಭಾಗ ಅಷ್ಟು ಕೆಟ್ಟಿರುವುದಿಲ್ಲ. ನಮ್ಮ ವ್ಯಾನು ಮೊದಲ ಕೆಲವು ವರ್ಷ ಕುಂದಾಪುರದಲ್ಲಿತ್ತು. ಕಡಲ ಉಪ್ಪು ಗಾಳಿ ನಟ್ಟು ಬೋಲ್ಟುಗಳನ್ನೆಲ್ಲ ಕಂದು ಗಂಟು ಮಾಡಿಟ್ಟಿತ್ತು.

ಶಾಕ್ ಹೋಗಿದೆ ಅಂತ ತಿಳಿಯುವುದು ಕಷ್ಟವಲ್ಲ. ಹಿಂದಿನ ಮೂಲೆಯನ್ನು ಮೈಭಾರ ಹಾಕಿ ಒತ್ತಿ ಬಿಡಿ. ಒಂದೆರಡು ಸಲ ಆಡಿ ನಿಲ್ಲಬೇಕು. ನಮ್ಮದು ಸುಮ್ನೆ ಕುಣಿಯುತ್ತಲೇ ಇತ್ತು. ಜೊತೆಗೆ ಶಾಕಿನ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿತ್ತು. ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಶಾಕಿನ ಕೆಲಸ ಆ ಸ್ಪ್ರಿಂಗಿನ ಕುಣಿತ ನಿಲ್ಲಿಸುವುದು. ಹಾಗಾಗಿ ಶಾಕ್ ಸತ್ತರೂ ಗಾಡಿ ಕೂರುವುದಿಲ್ಲ. ಜನ ವರ್ಷಗಟ್ಟಲೆ ಹಾಗೇ ಓಡಿಸುತ್ತಾರೆ. ಆದರೆ ನಮ್ಮ ಊರಿನ ಹಂಪುಗಳ ಮೇಲೆ ಟೈರು ನೆಲ ಬಿಟ್ಟು ಹಾರುತ್ತದೆ, ಆಗ ಬ್ರೇಕ್ ಹಾಕಿದರೂ ಹಿಡಿಯುವುದಿಲ್ಲ. ನಮ್ಮ ಗಾಡಿಗೆ ಹದಿನೈದು ವರ್ಷ ತುಂಬಿತ್ತು. ನೋಂದಣಿಯನ್ನು ಇನ್ನು 5 ವರ್ಷಕ್ಕೆ ನವೀಕರಿಸಲು ಆರ್‌ಟಿಒದಲ್ಲಿ ತೋರಿಸಬೇಕಿತ್ತು. ಅದೂ ಒಂದು ಕಾರಣ.

ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. ಒಂದೇ ಕಡೆ ಸೋರುತ್ತಿದೆ, ಒಂದೇ ಸಾಕಾ ಅಂತ ಕೇಳಿದ್ದಕ್ಕೆ ಅಂಗಡಿಯವರು ನಕ್ಕು, "ಜೋಡಿ ಹಾಕಿ ಸಾರ್, ಇಲ್ಲಾಂದ್ರೆ ಗಾಡಿ ಒಂದು ಕಡೆ ಹೊಸದು, ಒಂದು ಕಡೆ ಹಳೇದು" ಅಂದರು. ವ್ಯಾಪಾರದ ಮಾತು ಅನ್ನಿಸಿದರೂ ಸರಿಯಾದ ಮಾತೇ. ಶಾಕಿನ ಜೊತೆ ಹೊಸ ಬೋಲ್ಟು, ನಟ್ಟು, ವಾಷರ್ ಕೂಡ ಕೇಳಿ ತಂದೆ. ಇದನ್ನು ಮರೆಯಬೇಡಿ. ಕೈಯಲ್ಲಿ ಹೊಸ ಬೋಲ್ಟ್ ಇದ್ದರೆ ಹಳೆಯದನ್ನು ಕತ್ತರಿಸಲು ಧೈರ್ಯ ಬರುತ್ತದೆ.

ಹನುಮಂತನಗರದ ನಮ್ಮ ರಸ್ತೆ ಇಳಿಜಾರು. ಅಲ್ಲಿ ಜಾಕ್ ಹಾಕುವ ಯೋಚನೆಯನ್ನೂ ಮಾಡಬಾರದು. ವಿಜಯನಗರದಲ್ಲಿ ಭಾವಮೈದನ ಮನೆ ಮುಂದೆ ಸಮತಟ್ಟಾದ ಸಿಮೆಂಟ್ ಜಾಗವಿದೆ, ಗಾಡಿ ಅಲ್ಲಿಗೆ ತಂದೆ. ಓಮ್ನಿಯಲ್ಲಿ ಎಂಜಿನ್ ಎಳೆಯುವುದೂ ಹಿಂದಿನ ಚಕ್ರವನ್ನೇ, ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರವನ್ನೇ. ಹಿಂಭಾಗ ಎತ್ತಿದ ಮೇಲೆ ಗೇರಿನಲ್ಲಿ ನಿಲ್ಲಿಸಿದ್ದೂ ದಂಡ, ಹ್ಯಾಂಡ್‌ಬ್ರೇಕೂ ದಂಡ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ದಪ್ಪ ಮರದ ತುಂಡು ಕೊಟ್ಟೆ. ಎತ್ತಿದ ಮೇಲೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಅಂತೂ ಬೇಡವೇ ಬೇಡ. ಅವು ಬಿರುಕು ಬಿಡುವ ಮುಂಚೆ ಹೇಳುವುದಿಲ್ಲ.

ಹಿಂದಿನ ದಿನವೇ ವೈರ್ ಬ್ರಷ್ ಹಿಡಿದು ನಟ್ಟಿನ ಹೊರಗೆ ಕಾಣುವ ಬೋಲ್ಟಿನ ಥ್ರೆಡ್ಡಿನ (ತಿರುಪು ಗೆರೆಗಳ) ತುಕ್ಕನ್ನೆಲ್ಲ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ. ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ, ಬೆಳಗ್ಗೆ ಮತ್ತೊಮ್ಮೆ. ಸ್ಪ್ರೇ ಹೊಡೆದು ಹತ್ತು ನಿಮಿಷಕ್ಕೆ ಸ್ಪ್ಯಾನರ್ ಹಾಕುವವರೇ ಜಾಸ್ತಿ. ಎಣ್ಣೆ ಒಳಗೆ ಇಳಿಯಲು ಹೊತ್ತು ಬೇಕು, ನಡುನಡುವೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಓಪನ್ ಸ್ಪ್ಯಾನರ್ ಬೇಡ, ಮೂಲೆ ಸವೆದುಹೋಗುತ್ತದೆ. ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ ಹಾಕಿ. ಮೊದಲು ಚೂರು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚಿ. ತುಕ್ಕಿನ ಹಿಡಿತ ಟಕ್ ಅಂತ ಬಿಟ್ಟದ್ದು ಕೈಗೇ ಗೊತ್ತಾಗುತ್ತದೆ.

ಎಡಗಡೆಯದು ಹೀಗೇ ಬಂತು. ಬಲಗಡೆ ನಟ್ಟು ಬಂತು, ಬೋಲ್ಟು ಬರಲಿಲ್ಲ. ಬುಷ್ಷಿನ ನಡುವೆ ಒಂದು ಕಬ್ಬಿಣದ ಕೊಳವೆ ಇರುತ್ತದೆ. ಬೋಲ್ಟ್ ತುಕ್ಕು ಹಿಡಿದು ಅದರ ಜೊತೆ ಒಂದಾಗಿಬಿಟ್ಟಿತ್ತು. ತಿರುಗಿಸಿದರೆ ಕೊಳವೆಯೂ ಜೊತೆಗೇ ತಿರುಗುತ್ತದೆ, ರಬ್ಬರು ಮತ್ತೆ ಹಿಂದಕ್ಕೆ ಎಳೆಯುತ್ತದೆ. ನಟ್ಟನ್ನು ತುದಿಗೆ ಸಮನಾಗಿ ವಾಪಸ್ ಹಾಕಿ ಸುತ್ತಿಗೆಯಿಂದ ಹೊಡೆದೆ. ಜಗ್ಗಲಿಲ್ಲ. "ಭಾವ, ಗ್ರೈಂಡರ್ ತರಲಾ? ಪಕ್ಕದ ಬೀದಿ ವೆಲ್ಡಿಂಗ್‌ನವನ ಹತ್ರ ಇದೆ" ಅಂದ ಭಾವಮೈದ. ಬೇಡ ಅಂದೆ. ಅಡಿಯಲ್ಲಿ ಪೆಟ್ರೋಲ್ ಟ್ಯಾಂಕಿದೆ, ಬ್ರೇಕ್ ಪೈಪಿದೆ, ಈಗಷ್ಟೇ ಹೊಡೆದ ಎಣ್ಣೆಯೂ ಇದೆ. ಅಲ್ಲಿ ಕಿಡಿ ಹಾರಿಸುವುದು ನನಗೆ ಒಪ್ಪಿಗೆಯಿಲ್ಲ. ಬೆಂಕಿ ಹಿಡಿದು ಕಾಯಿಸುವುದೂ ಅಷ್ಟೇ.

ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಕಣ್ಣು ಮತ್ತು ಬ್ರಾಕೆಟಿನ ನಡುವಿನ ಸಂದಿಯಲ್ಲಿ ಕೊಯ್ದೆವು. ನಾನೊಂದಿಷ್ಟು, ಅವನೊಂದಿಷ್ಟು. ಕೈ ಸೋತಿತು, ಆದರೆ ಬೋಲ್ಟ್ ತುಂಡಾಯಿತು. ಇದನ್ನು ಇನ್ನೂ ಬೇಗ ಶುರು ಮಾಡಬಹುದು. ಹೋದರೆ ಒಂದು ಬೋಲ್ಟ್ ತಾನೇ? ಪೈಪ್ ಸಿಕ್ಕಿಸಿ ಜಗ್ಗಾಡಿದರೆ ಬ್ರಾಕೆಟ್ಟೇ ಹರಿಯಬಹುದು, ಅದಕ್ಕೆ ವೆಲ್ಡಿಂಗ್ ಬೇಕು. ನಿಮ್ಮ ಗಾಡಿಯಲ್ಲಿ ಬೋಲ್ಟಿನ ಬದಲು ಬೆಸೆದ ಪಿನ್ ಇದ್ದರೆ ಮಾತ್ರ ಈ ಉಪಾಯ ಬೇಡ. ಅಲ್ಲಿ ರಬ್ಬರನ್ನು ಕೊಯ್ದು ತೆಗೆದು, ಒಳಗಿನ ಕೊಳವೆಯನ್ನು ಉದ್ದಕ್ಕೆ ಸೀಳಿ ಬಿಡಿಸಬೇಕು. ಪಿನ್ನಿಗೆ ಬ್ಲೇಡ್ ತಾಗದಂತೆ ನೋಡಿಕೊಳ್ಳಬೇಕು.

ಹಳೆಯ ಶಾಕ್ ಕೈಯಲ್ಲಿ ಹಿಡಿದು ಒತ್ತಿದರೆ ಸೈಕಲ್ ಪಂಪಿನಂತೆ ಸಲೀಸಾಗಿ ಹೋಗಿ ಬಂತು. ಹೊಸದನ್ನು ನೆಟ್ಟಗೆ ಹಿಡಿದು ಪೂರ್ತಿ ಎಳೆದು ಒತ್ತಿ ಕೆಲವು ಸಲ ಮಾಡಬೇಕು. ಅಂಗಡಿಯಲ್ಲಿ ಮಲಗಿಸಿಟ್ಟಾಗ ಎಣ್ಣೆಯಲ್ಲಿ ಸೇರಿದ ಗಾಳಿ ಮೇಲಕ್ಕೆ ಬರುತ್ತದೆ. ಬೋಲ್ಟಿನ ನುಣುಪು ಭಾಗಕ್ಕೆ ತೆಳುವಾಗಿ ಗ್ರೀಸ್ ಸವರಿದೆ. ಮುಂದೆ ಬಿಚ್ಚುವವರು ನಾನೇ ಅಲ್ವಾ.

ಕೊನೆಯ ಬಿಗಿತವನ್ನು ಚಕ್ರ ಗಾಳಿಯಲ್ಲಿ ತೂಗಾಡುವಾಗ ಕೊಡಬಾರದು. ಹಾಗೆ ಬಿಗಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ಬುಷ್ ತಿರುಚಿಕೊಂಡು ಕೂರುತ್ತದೆ, ಬೇಗ ಹರಿಯುತ್ತದೆ. ನಟ್ಟು ಹಿಡಿಯುವಷ್ಟು ತಿರುಗಿಸಿ, ಚಕ್ರ ಹಾಕಿ, ಗಾಡಿ ನೆಲಕ್ಕಿಳಿಸಿ, ಆಮೇಲೆ ಅಡಿಗೆ ಕೈ ಹಾಕಿ ಪೂರ್ತಿ ಬಿಗಿದೆವು. ಓಮ್ನಿ ಎತ್ತರ ಇರುವುದರಿಂದ ಇದು ಸಾಧ್ಯ.

ಮೈಸೂರು ರಸ್ತೆಯ ಮೇಲ್ಸೇತುವೆ ಹತ್ತಿ ಒಂದು ಸುತ್ತು ಬಂದೆವು. ಜಾಯಿಂಟು ಸಿಕ್ಕಲ್ಲೆಲ್ಲ ಒಂದೇ ಧಡ್, ಮತ್ತೆ ಕುಣಿತವಿಲ್ಲ. ಮಾರನೇ ವಾರ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಿದೆ.

"ಮುಂದಿನದನ್ನೂ ನಾವೇ ಮಾಡೋಣ ಭಾವ" ಅನ್ನುತ್ತಿದ್ದಾನೆ ಭಾವಮೈದ. ಆಗುವುದಿಲ್ಲ. ಮುಂದೆ ಇರುವುದು ಸ್ಟ್ರಟ್, ಅಂದರೆ ಶಾಕೂ ಸ್ಪ್ರಿಂಗೂ ಒಂದೇ ಜೋಡಣೆಯಲ್ಲಿ. ಅಲ್ಲಿ ಒತ್ತಿ ಕೂರಿಸಿದ ಕಾಯಿಲ್ ಸ್ಪ್ರಿಂಗ್ ಇದೆ, ಅದನ್ನು ಹಿಡಿದಿಡುವ ಕಂಪ್ರೆಸರ್ ನಮ್ಮ ಹತ್ತಿರ ಇಲ್ಲ. ಅದು ಗ್ಯಾರೇಜಿಗೆ.