ಅಗ್ಗದ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಮೊದಲು ಓಡಿಸಿ ನೋಡಿ, ಆಮೇಲೆ ಅಳಿಸಿ

ಲ್ಯಾಪ್‌ಟಾಪ್ ಆನ್ ಮಾಡಿ, ಮುಖ ತೊಳೆದು ಬಂದರೂ ಪರದೆ ಮೇಲೆ ಚಕ್ರ ಸುತ್ತುತ್ತಲೇ ಇದೆಯಾ? ವಿಂಡೋಸ್ 11 ಕೇಳುವ ಕನಿಷ್ಠವೇ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಅಗ್ಗದ ಲ್ಯಾಪ್‌ಟಾಪಿನಲ್ಲಿ ಇರುವುದೂ ಹೆಚ್ಚಾಗಿ ಅಷ್ಟೇ, ಹಾಗಾಗಿ ನಮ್ಮ ಕೆಲಸಕ್ಕೆ ಉಳಿಯುವುದು ಚೂರುಪಾರು. ವಿಂಡೋಸ್ 10ಕ್ಕಂತೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ನಿಂತಿತು. ಇಂಥ ಯಂತ್ರಕ್ಕೆ ವಿಂಡೋಸ್ ಬದಲು ನಾನು ಹಾಕುವುದು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಇದ್ದರೂ ಅದು ಕೂರುತ್ತದೆ, ಪೂರ್ತಿ ಉಚಿತ.

ಮೊದಲು ಫೋಟೊ, ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ವಿಂಡೋಸನ್ನೂ ಉಳಿಸಿಕೊಳ್ಳುವ ಯೋಚನೆ ಇದ್ದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಯಂತ್ರ ಶುರುವಾಗುವ (ಬೂಟ್) ಸೆಟ್ಟಿಂಗ್ ಬದಲಾದ ಮೇಲೆ ವಿಂಡೋಸ್ ಆ ಕೀ ಕೇಳಿ ಕೂತುಬಿಡಬಹುದು.

ಮಿಂಟ್‌ನ ವೆಬ್‌ಸೈಟಿನಿಂದ ಇಡೀ ಸಿಸ್ಟಮ್ ಅಡಗಿರುವ ಐಎಸ್‌ಒ ಫೈಲ್ ಇಳಿಸಿಕೊಳ್ಳಿ, ಸುಮಾರು 3 ಜಿಬಿ ಇರುತ್ತದೆ. 8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಫೈಲನ್ನು ಸುಮ್ನೆ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ರೂಫಸ್ ಅಥವಾ ಎಚರ್ ಅನ್ನುವ ತಂತ್ರಾಂಶದಿಂದ ಬರೆಯಬೇಕು, ಆಗ ಪೆನ್‌ಡ್ರೈವಿನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿ ಹೋಗುತ್ತದೆ.

ಈಗ ಪೆನ್‌ಡ್ರೈವ್ ಸಿಕ್ಕಿಸಿಟ್ಟು, ರೀಸ್ಟಾರ್ಟ್ ಮಾಡಿ ಎಫ್12, ಎಫ್2 ಅಥವಾ ಎಸ್ಕೇಪ್ ಕೀ ಒತ್ತುತ್ತಾ ಇರಿ. ಯಾವ ಕೀ ಅನ್ನುವುದು ಕಂಪನಿಗೊಂದು ತರ. ಮೆನು ಬಂದರೆ ಪೆನ್‌ಡ್ರೈವ್ ಆರಿಸಿ. ಯಾವುದಕ್ಕೂ ಬಗ್ಗಲಿಲ್ಲ ಅಂದರೆ ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ಬರುವ ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’, ಆಮೇಲೆ ಪೆನ್‌ಡ್ರೈವ್ ಆರಿಸಿ.

ಪೆನ್‌ಡ್ರೈವಿನಿಂದಲೇ ಮಿಂಟ್ ತೆರೆದುಕೊಳ್ಳುತ್ತದೆ. ಇನ್ನೂ ಏನೂ ಇನ್‌ಸ್ಟಾಲ್ ಆಗಿಲ್ಲ, ಡಿಸ್ಕ್ ಹಾಗೇ ಇದೆ. ಇಲ್ಲಿ ಅರ್ಧ ಗಂಟೆ ಕೂತು ಆಟ ಆಡಿ. ವೈಫೈ ಹಿಡಿಯುತ್ತಾ? ಸ್ಪೀಕರ್, ಕ್ಯಾಮೆರಾ, ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತವಾ? ಟಚ್‌ಪ್ಯಾಡ್ ಮೇಲೆ ಎರಡು ಬೆರಳಾಡಿಸಿದರೆ ಪುಟ ಜಾರುತ್ತಾ? ಮುಚ್ಚಳ ಮುಚ್ಚಿ, ಒಂದು ನಿಮಿಷ ಬಿಟ್ಟು ತೆರೆಯಿರಿ: ನಿದ್ದೆಗೆ ಹೋದ ಯಂತ್ರ ಏಳಬೇಕಲ್ವಾ? ಅಗ್ಗದ ಯಂತ್ರಗಳು ಎಡವುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ. ಒಮ್ಮೆ ಇದನ್ನೆಲ್ಲ ಬಿಟ್ಟು, ಜಂಬದಲ್ಲಿ ನೇರವಾಗಿ ಡಿಸ್ಕ್ ಅಳಿಸಿಬಿಟ್ಟೆ. ವೈಫೈ ಇಲ್ಲ, ಡ್ರೈವರ್ ಇಳಿಸಿಕೊಳ್ಳಲು ನೆಟ್ಟೂ ಇಲ್ಲ. ಕೊನೆಗೆ ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ, ಅದರ ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್‌ನಿಂದ ಹಾಕಿಕೊಂಡೆ. ಪೆನ್‌ಡ್ರೈವಿನಿಂದ ಓಡುವಾಗ ಸ್ವಲ್ಪ ನಿಧಾನ ಅನಿಸುತ್ತದೆ, ಅದನ್ನು ನೋಡಿ ಬೇಸರ ಮಾಡಿಕೊಳ್ಳಬೇಡಿ.

ಎಲ್ಲ ಸರಿ ಇದ್ದರೆ ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಐಕಾನ್ ಒತ್ತಿ. ಭಾಷೆ, ಕೀಬೋರ್ಡ್ ಎಲ್ಲ ಸುಲಭ. ಮಲ್ಟಿಮೀಡಿಯಾ ಕೋಡೆಕ್‌ಗೆ ಟಿಕ್ ಹಾಕಿ, ಇಲ್ಲದಿದ್ದರೆ ಕೆಲವು ವಿಡಿಯೊ ಓಡುವುದಿಲ್ಲ. ಡಿಸ್ಕ್ ಆರಿಸುವ ಪುಟದಲ್ಲಿ ಮಾತ್ರ ನಿಧಾನ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಇರುವುದು ಡಿಸ್ಕಿನ ಕೆಲಸ ಮಾಡುವ, ಮದರ್‌ಬೋರ್ಡಿಗೇ ಬೆಸೆದ ಇಎಂಎಂಸಿ ಚಿಪ್. ಪಟ್ಟಿಯಲ್ಲಿ ಅದರ ಹೆಸರು ‘ಎಂಎಂಸಿ’ ಎಂದು ಶುರುವಾಗುತ್ತದೆ. ‘ಎಸ್‌ಡಿಎ’ ಅಂತ ಕಾಣುವುದು ನಿಮ್ಮ ಪೆನ್‌ಡ್ರೈವೇ ಇರಬಹುದು! ಹೆಸರಿಗಿಂತ ಅಳತೆ ನೋಡಿ ಗುರುತಿಸುವುದು ವಾಸಿ. 64 ಜಿಬಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವಿಂಡೋಸ್ ಪಕ್ಕದಲ್ಲಿ ಜಾಗ ಹಂಚುವ ಸಾಹಸ ಬೇಡ, ಪೂರ್ತಿ ಅಳಿಸಿ ಹಾಕಿ ಅನ್ನುವುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ಎರಡೂ ಇಕ್ಕಟ್ಟಿನಲ್ಲಿ ಒದ್ದಾಡುತ್ತವೆ.

ಮುಗಿದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಓಡಿಸಿ. ಲಿನಕ್ಸ್ ಹಾಕಿದ ಮಾತ್ರಕ್ಕೆ 4 ಜಿಬಿ 8 ಆಗುವುದಿಲ್ಲ, ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ಇದೂ ಏದುಸಿರು ಬಿಡುತ್ತದೆ. ಮೆಮೊರಿಯನ್ನು ಒತ್ತಿ ಚಿಕ್ಕದು ಮಾಡಿಡುವ ಝಡ್‌ರ‍್ಯಾಮ್ ಹಾಕಿಕೊಂಡರೆ ಕೊಂಚ ಉಸಿರಾಟ ಸಲೀಸು. ಸಿಸ್ಟಮ್‌ನ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ಬ್ಯಾಕಪ್ ಒಳ್ಳೆಯದೇ, ಆದರೆ ಚಿಕ್ಕ ಡಿಸ್ಕಿನಲ್ಲಿ ಒಂದೆರಡಕ್ಕಿಂತ ಜಾಸ್ತಿ ಪ್ರತಿ ಇಟ್ಟರೆ ಜಾಗವೆಲ್ಲ ಅದೇ ನುಂಗಿಬಿಡುತ್ತದೆ.