ಐದು ತರಗತಿಗೂ ಒಂದೇ ಮರ

ಒಂದರಿಂದ ಐದನೇ ತರಗತಿವರೆಗಿನ ಮಕ್ಕಳಿಗೆ ನಾನು ಚಿತ್ರಕಲೆ ಕಲಿಸುತ್ತೇನೆ. ತರಗತಿಗೊಂದು ಹೊಸ ವಿಷಯ ಹುಡುಕುವುದನ್ನು ಬಿಟ್ಟು, ಈಗ ಎಲ್ಲರಿಗೂ ಮರವನ್ನೇ ಕೊಡುತ್ತೇನೆ. ಬದಲಾಗುವುದು ಕೈಗೆ ಸಿಗುವ ಕೆಲಸ ಮಾತ್ರ. ಬೋರ್ಡಿನ ಮೇಲೆ ಮಾದರಿ ಚಿತ್ರ ಬಿಡಿಸುವುದಿಲ್ಲ. ಬಿಡಿಸಿದರೆ ಎಲ್ಲರ ಹಾಳೆಯಲ್ಲೂ ನನ್ನ ಮರವೇ ಬರುತ್ತದೆ.

ಒಂದನೇ ತರಗತಿಯವರಿಗೆ ಪೆನ್ಸಿಲ್ ಇಲ್ಲ, ಕತ್ತರಿಯೂ ಇಲ್ಲ. ಬಣ್ಣದ ಕಾಗದ ಹರಿದು ಅಂಟಿಸಬೇಕು. ಕಾಗದ ಒಂದು ದಿಕ್ಕಿನಲ್ಲಿ ಸೀದಾ ಹರಿಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಸೊಟ್ಟಗೆ. ಸೀದಾ ಹರಿದದ್ದು ಕಾಂಡ, ಸೊಟ್ಟಗಿದ್ದದ್ದು ಎಲೆ. ಬೆರಳಿಗೆ ಬಲವೂ ಬರುತ್ತದೆ.

ಎರಡನೇ ತರಗತಿಗೆ ಎಲೆಯ ಅಚ್ಚು. ಹಸಿ ಎಲೆಯ ನರ ಉಬ್ಬಿರುವ ಮಗ್ಗುಲು ಮೇಲೆ ಬರಬೇಕು. ಅದರ ಮೇಲೆ ತೆಳು ಹಾಳೆ. ಕ್ರೇಯಾನಿನ ಸಿಪ್ಪೆ ತೆಗೆದು ಅಡ್ಡ ಮಲಗಿಸಿ ಉಜ್ಜಬೇಕು. ಒಣಗಿದ ಎಲೆ ಪುಡಿಯಾಗುತ್ತದೆ, ಬೇಡ.

ಮೂರನೇ ತರಗತಿಯದು ನನಗೆ ಎಲ್ಲಕ್ಕಿಂತ ಇಷ್ಟ. ಬಿಳಿ ಹಾಳೆಯ ಮೇಲೆ ಬಿಳಿ ಕ್ರೇಯಾನಿನಿಂದ ಮರ ಬಿಡಿಸುತ್ತಾರೆ. ಏನೂ ಕಾಣುವುದಿಲ್ಲ. ಆಮೇಲೆ ನೀರು ಜಾಸ್ತಿ ಹಾಕಿದ ನೀಲಿ ವಾಟರ್ ಕಲರ್ ಬಳಿದರೆ ಮರ ಎದ್ದು ಬರುತ್ತದೆ, ಯಾಕೆಂದರೆ ಮೇಣಕ್ಕೆ ನೀರು ಹಿಡಿಯುವುದಿಲ್ಲ. ಕ್ರೇಯಾನನ್ನು ಗಟ್ಟಿಯಾಗಿ ಒತ್ತಬೇಕು, ಸುಮ್ನೆ ಸವರಿದರೆ ಗೆರೆ ಅಲ್ಲಲ್ಲಿ ಮಾಯ. 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಹಾಳೆ ನೀರಿಗೆ ಸುಕ್ಕಾಗುತ್ತದೆ. 200 ಜಿಎಸ್‌ಎಂ ಆದರೆ ತಡೆಯುತ್ತದೆ. ಬಣ್ಣ ಇನ್ನೂ ಹೊಳೆಯುತ್ತಿರುವಾಗಲೇ ನಾಲ್ಕು ಕಾಳು ಉಪ್ಪು ಉದುರಿಸಿದರೆ, ಉಪ್ಪು ಸುತ್ತಲಿನ ನೀರು ಹೀರಿಕೊಂಡು ಚುಕ್ಕಿ ಮೂಡುತ್ತದೆ. ನೀರು ನಿಂತಿದ್ದರೆ ಉಪ್ಪು ಕರಗಿಹೋಗುತ್ತದೆ, ಒಣಗಿದ್ದರೆ ಏನೂ ಆಗುವುದಿಲ್ಲ. ಆ ಹೊತ್ತು ನೋಡಿ ಹಾಕಲು ಮಕ್ಕಳು ಬೇಗ ಕಲಿಯುತ್ತಾರೆ.

ನಾಲ್ಕನೇ ತರಗತಿಯಲ್ಲಿ ಹಸಿರು ಬಣ್ಣದ ಡಬ್ಬಿ ಎತ್ತಿಡುತ್ತೇನೆ. ಹಳದಿಗೆ ನೀಲಿ ಚೂರು ಚೂರೇ ಬೆರೆಸಿ ಹಸಿರು ಮಾಡಿಕೊಳ್ಳಬೇಕು. ನೀಲಿಗೆ ಹಳದಿ ಸುರಿಯುತ್ತಾ ಹೋದರೆ ಅರ್ಧ ಡಬ್ಬಿ ಖಾಲಿ! ತೊಟ್ಟು ಕೆಂಪು ಬಿದ್ದರೆ ಹಸಿರಿನ ಕಣ್ಣು ಕುಕ್ಕುವ ಹೊಳಪು ಇಳಿಯುತ್ತದೆ.

ಐದನೇ ತರಗತಿ ಬೇರೆಯೇ ಲೋಕ. 'ನನಗೆ ಬರಲ್ಲ ಮಿಸ್' ಅನ್ನುವ ಮಾತು ಶುರುವಾಗುವ ವಯಸ್ಸು ಅದು. ಮರ ನಿಜವಾದ ಮರದ ಹಾಗೇ ಇರಬೇಕು ಅಂತ ಆಸೆ, ಆದರೆ ಕೈ ಅಷ್ಟು ಪಳಗಿರುವುದಿಲ್ಲ. ರಬ್ಬರ್ ಸವೆಯುತ್ತದೆ, ಹಾಳೆ ತೂತಾಗುತ್ತದೆ. ಅದಕ್ಕೇ ಅವರಿಗೆ ಪೆನ್ಸಿಲ್ ಬಿಡಿಸಿ ಮುದ್ರಣದ ಕೆಲಸ ಕೊಡುತ್ತೇನೆ. ರಟ್ಟಿನಿಂದ ಕೊಂಬೆ, ಕಾಂಡ ಕತ್ತರಿಸಿ ಇನ್ನೊಂದು ರಟ್ಟಿಗೆ ಅಂಟಿಸುತ್ತಾರೆ. ಅಂಟು ಒಣಗಿದ ಮೇಲೆ ರೋಲರಿನಿಂದ ದಪ್ಪ ಬಣ್ಣ ಸವರಿ, ಹಾಳೆ ಇಟ್ಟು, ಚಮಚದ ಬೆನ್ನಿನಿಂದ ಉಜ್ಜುತ್ತಾರೆ. ಮೊದಲ ಅಚ್ಚು ಪೇಲವ, ರಟ್ಟು ಬಣ್ಣ ಕುಡಿದಿರುತ್ತದೆ. ಎರಡನೆಯದಕ್ಕೆ ಕಾಯಿರಿ ಅಂತ ಮುಂಚೆಯೇ ಹೇಳಿಡುತ್ತೇನೆ. ಮರ ಎಡಬಲ ತಿರುಗಿ ಬರುವುದರಿಂದ 'ನಾನು ಅಂದುಕೊಂಡ ಹಾಗೆ ಬಂದಿಲ್ಲ' ಅನ್ನುವ ಗೋಳು ಕಡಿಮೆ. ಯಾರಿಗೂ ಹಾಗೆ ಬರುವುದಿಲ್ಲ, ಅಲ್ವಾ? ಹೆಸರು ಸೇರಿಸಬೇಕು ಅನ್ನುವವರು ತೆಳು ಹಾಳೆಯಲ್ಲಿ ಬರೆದು, ಮಗುಚಿ, ಹಿಂದಿನಿಂದ ಕಾಣುವ ಅಕ್ಷರವನ್ನೇ ರಟ್ಟಿಗೆ ಇಳಿಸಿಕೊಳ್ಳುತ್ತಾರೆ.

ಅಚ್ಚುಗಳನ್ನು ದಾರಕ್ಕೆ ಕ್ಲಿಪ್ ಹಾಕಿ ರಾತ್ರಿಯಿಡೀ ಬಿಡಿ. ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುತ್ತವೆ.