ಸರ್ಟಿಫಿಕೇಟ್ ಅಸಲಿ ಇರಬಹುದು, ಈ ಪಾರ್ಟಿನದ್ದು ಹೌದೇ?

ನೇರವಾಗಿ ಮೇನ್ಸ್‌ಗೆ ಸಿಕ್ಕಿಸುವ ಒಂದು ಪವರ್ ಸಪ್ಲೈ ಐಇಸಿ 62368-1 (ಎಲೆಕ್ಟ್ರಾನಿಕ್ ಉಪಕರಣಗಳ ಸುರಕ್ಷತೆಯ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್) ಪ್ರಕಾರ ಟೆಸ್ಟ್ ಲ್ಯಾಬಿಗೆ ಹೋಗಬೇಕಿತ್ತು. ಅದರ ಬಿಡಿಭಾಗಗಳ ಸೇಫ್ಟಿ ಸರ್ಟಿಫಿಕೇಟುಗಳನ್ನು ನೋಡಿ ಸರಿಯಿದೆ ಎಂದು ಸಹಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಬಿಓಎಂನಲ್ಲಿರುವ, ಅಂದರೆ ಬಿಡಿಭಾಗಗಳ ಪಟ್ಟಿಯಲ್ಲಿರುವ, ಎಲ್ಲ ಸಾಲಿಗೂ ಸರ್ಟಿಫಿಕೇಟ್ ಬೇಕಿಲ್ಲ, ಹುಡುಕಿದರೂ ಸಿಗುವುದಿಲ್ಲ. ಈ ಪಾರ್ಟ್ ಶಾರ್ಟ್ ಆದರೆ, ಒಡೆದರೆ ಅಥವಾ ಸುಟ್ಟರೆ ಬಳಸುವವರಿಗೆ ಶಾಕ್ ಹೊಡೆಯುತ್ತದೆಯೇ, ಬೆಂಕಿ ಹತ್ತುತ್ತದೆಯೇ ಎಂದು ಒಂದೊಂದಕ್ಕೂ ಕೇಳಿಕೊಳ್ಳುತ್ತಾ ಸೋಸಿದೆ. ಉಳಿದವು ಫ್ಯೂಸ್, ವ್ಯಾರಿಸ್ಟರ್ (ವೋಲ್ಟೇಜ್ ದಿಢೀರನೆ ಏರಿದರೆ ತಡೆಯುವುದು), ಮೇನ್ಸ್ ಕಡೆಯ ಎಕ್ಸ್ ಮತ್ತು ವೈ ದರ್ಜೆಯ ಸುರಕ್ಷತಾ ಕೆಪಾಸಿಟರ್‌ಗಳು, ಆಪ್ಟೋಕಪ್ಲರ್ (ಮೇನ್ಸ್ ಭಾಗದಿಂದ ಬಳಸುವವರ ಭಾಗವನ್ನು ಬೇರೆಯಾಗಿಟ್ಟು ಬೆಳಕಿನ ಮೂಲಕ ಸಿಗ್ನಲ್ ದಾಟಿಸುವುದು), ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್, ಪಿಸಿಬಿ, ಮೇನ್ಸ್ ವೈರು, ಮತ್ತು ಹೊರಗಿನ ಪ್ಲಾಸ್ಟಿಕ್ ಕವಚ. ಲ್ಯಾಬಿನವರು ಕೇಳುವ ಕ್ರಿಟಿಕಲ್ ಕಾಂಪೊನೆಂಟ್ ಪಟ್ಟಿಯೂ ಹೆಚ್ಚುಕಡಿಮೆ ಇದೇ.

ಸಪ್ಲೈಯರ್‌ಗಳನ್ನು ಕೇಳಿದರೆ ಪಿಡಿಎಫ್‌ಗಳ ಮಳೆ ಸುರಿಯುತ್ತದೆ. ಅರ್ಧ ಅಲ್ಲೇ ಉದುರುತ್ತದೆ. ಆರ್‌ಓಎಚ್‌ಎಸ್ ರಿಪೋರ್ಟ್ ಇರುವುದು ಅಪಾಯಕಾರಿ ರಾಸಾಯನಿಕಗಳ ಬಗ್ಗೆ, ಶಾಕಿಗೂ ಬೆಂಕಿಗೂ ಸಂಬಂಧವಿಲ್ಲ. ಇಂಥ ಪಾರ್ಟ್‌ಗಳಿಗೆ ಯುರೋಪಿನ ಸಿಇ ಗುರುತು ಎಂಬುದು ತಯಾರಕರು ತಾವೇ ಮಾಡಿಕೊಳ್ಳುವ ಘೋಷಣೆ. ಅದಕ್ಕೊಂದು ಅಲಂಕಾರದ ‘ಸಿಇ ಸರ್ಟಿಫಿಕೇಟ್’ ಮಾಡಿಸಿ ಕಳಿಸಿದರೆ ನಾನು ಪಕ್ಕಕ್ಕಿಡುತ್ತೇನೆ. ಉಳಿದ ಪಿಡಿಎಫ್‌ಗಳನ್ನೂ ಸಾಕ್ಷಿ ಎಂದು ಪರಿಗಣಿಸುವುದಿಲ್ಲ. ಅವುಗಳಿಂದ ನನಗೆ ಬೇಕಾದದ್ದು ನಂಬರ್ ಮಾತ್ರ. ಅಮೆರಿಕದ ಸುರಕ್ಷತಾ ಸಂಸ್ಥೆ ಯುಎಲ್ ಆದರೆ ‘ಇ’ ಅಕ್ಷರದಿಂದ ಶುರುವಾಗುವ ಫೈಲ್ ನಂಬರ್ ಹಿಡಿದು ಅವರ ಆನ್‌ಲೈನ್ ಡೇಟಾಬೇಸ್ ಪ್ರಾಡಕ್ಟ್ ಐಕ್ಯೂನಲ್ಲಿ ಹುಡುಕುತ್ತೇನೆ. ಹೆಸರು ನೋಂದಾಯಿಸಿಕೊಂಡರೆ ಸಾಕು, ಈ ಹುಡುಕಾಟಕ್ಕೆ ದುಡ್ಡಿಲ್ಲ. ಜರ್ಮನಿಯ ವಿಡಿಇ, ಟಿಯುವಿ ಸಂಸ್ಥೆಗಳಿಗೂ ಇಂಥ ಹುಡುಕಾಟದ ಪುಟಗಳಿವೆ.

ಅದಕ್ಕೂ ಮೊದಲು ಪಾರ್ಟನ್ನೇ ಕೈಗೆ ತೆಗೆದುಕೊಳ್ಳುತ್ತೇನೆ. ನಮ್ಮ ಎಕ್ಸ್2 ಕೆಪಾಸಿಟರನ್ನು ಭೂತಗನ್ನಡಿಯಲ್ಲಿ ನೋಡಿದಾಗ ತಯಾರಕರ ಗುರುತು, ಸರಣಿಯ ಹೆಸರು, 1.5 ಮೈಕ್ರೋಫ್ಯಾರಡ್, 310 ವೋಲ್ಟ್, 40/110/56 ಎಂದಿತ್ತು. ಕೊನೆಯದರ ಅರ್ಥ: ಮೈನಸ್ 40ರಿಂದ 110 ಡಿಗ್ರಿ ಸೆಲ್ಸಿಯಸ್‌ವರೆಗೆ, ತೇವದ ಪರೀಕ್ಷೆ 56 ದಿನ. ಸಪ್ಲೈಯರ್ ಕೊಟ್ಟ ನಂಬರ್ ಡೇಟಾಬೇಸಿನಲ್ಲಿ ಸಿಕ್ಕಿತು, ಚಾಲ್ತಿಯಲ್ಲೂ ಇತ್ತು. ಕಂಪನಿ ಅದೇ, ಸರಣಿ ಅದೇ, ಸ್ಟ್ಯಾಂಡರ್ಡ್ ಇಂಥ ಕೆಪಾಸಿಟರ್‌ಗಳಿಗಿರುವ ಐಇಸಿ 60384-14. ಇಲ್ಲಿಗೇ ಟಿಕ್ ಹಾಕಿ ಮುಂದೆ ಹೋಗುವವರೇ ಹೆಚ್ಚು. ಆದರೆ ಸರ್ಟಿಫಿಕೇಟಿನ ಅನುಬಂಧದ ಕೋಷ್ಟಕದಲ್ಲಿ ಆ ಸರಣಿಗೆ 310 ವೋಲ್ಟಿನಲ್ಲಿ ಒಪ್ಪಿಗೆ ಇದ್ದದ್ದು 1 ಮೈಕ್ರೋಫ್ಯಾರಡ್‌ವರೆಗೆ ಮಾತ್ರ. ಸರ್ಟಿಫಿಕೇಟ್ ನೂರಕ್ಕೆ ನೂರು ಅಸಲಿ, ನಮ್ಮ ಪಾರ್ಟ್ ಮಾತ್ರ ಅದರೊಳಗಿಲ್ಲ. ‘ಅದೇ ಫಿಲ್ಮ್, ಅದೇ ಲೈನ್ ಸರ್, ಏನೂ ವ್ಯತ್ಯಾಸ ಇಲ್ಲ’ ಎಂದರು ಸಪ್ಲೈಯರ್. ಇರಬಹುದು. ಆದರೆ ಲ್ಯಾಬಿನವರು ಓದುವುದು ಕೋಷ್ಟಕವನ್ನು. ಆ ಜಾಗಕ್ಕೆ ಬೇರೆ ತಯಾರಕರ ಕೆಪಾಸಿಟರ್ ಬಂತು.

ನಕಲಿ ಸರ್ಟಿಫಿಕೇಟ್ ಹಿಡಿಯುವುದು ಇದಕ್ಕಿಂತ ಸುಲಭ: ನಂಬರ್ ಹಾಕಿದರೆ ಏನೂ ಬರುವುದಿಲ್ಲ, ಅಥವಾ ಇನ್ಯಾರದೋ ಹೆಸರು ಬರುತ್ತದೆ. ಅಸಲಿ ಸರ್ಟಿಫಿಕೇಟಿನ ವ್ಯಾಪ್ತಿ ಎಲ್ಲಿಗೆ ಮುಗಿಯುತ್ತದೆ ಎಂದು ಹುಡುಕುವುದರಲ್ಲೇ ತಾಳ್ಮೆ ಖರ್ಚಾಗುವುದು.

ಫ್ಯೂಸಿನಲ್ಲೂ ಇದೇ ಕಥೆ, ಅಲ್ಲಿ ಒಂದೇ ಅಕ್ಷರದ ಆಟ. ಲೋಹದ ಟೋಪಿಯ ಮೇಲೆ ‘ಟಿ 3.15 ಎ ಎಲ್ 250 ವಿ’ ಎಂದಿದ್ದರೆ, ‘ಎಲ್’ ಅಂದರೆ ಕಡಿಮೆ ಬ್ರೇಕಿಂಗ್ ಕೆಪಾಸಿಟಿ. ಐಇಸಿ 60127 ಪ್ರಕಾರ ಅಂಥ ಫ್ಯೂಸ್ ಸುರಕ್ಷಿತವಾಗಿ ಕಡಿಯಬೇಕಾದದ್ದು 35 ಆಂಪಿಯರ್ ಅಥವಾ ತನ್ನ ರೇಟಿಂಗಿನ ಹತ್ತುಪಟ್ಟು, ಯಾವುದು ಹೆಚ್ಚೋ ಅದು. ‘ಎಚ್’ ಆದರೆ 1500 ಆಂಪಿಯರ್. ಸರ್ಟಿಫಿಕೇಟ್ ‘ಎಚ್’ ಸರಣಿಯದ್ದು, ಬೋರ್ಡಿನಲ್ಲಿ ‘ಎಲ್’ ಎಂದಾದರೆ ಕಾಗದಕ್ಕೂ ಫ್ಯೂಸಿಗೂ ಸಂಬಂಧವಿಲ್ಲ.

ಆಪ್ಟೋಕಪ್ಲರ್ ವಿಷಯದಲ್ಲಿ ಪರ್ಚೇಸ್ ವಿಭಾಗದವರ ಜೊತೆ ಕೂತು ಮಾತಾಡಲೇಬೇಕು. ಐಇಸಿ 60747-5-5 ಒಪ್ಪಿಗೆಗೆ ಪ್ರತಿಯೊಂದು ಪೀಸಿಗೂ ಪಾರ್ಷಿಯಲ್ ಡಿಸ್ಚಾರ್ಜ್ ಪರೀಕ್ಷೆ (ಇನ್ಸುಲೇಶನ್ನಿನೊಳಗೆ ಸಣ್ಣ ಕಿಡಿಗಳಾಗುತ್ತವೆಯೇ ಎಂದು ನೋಡುವುದು) ಆಗಬೇಕು. ಕೆಲವು ತಯಾರಕರು ಆ ಒಪ್ಪಿಗೆಯನ್ನು ಆರ್ಡರ್ ಕೋಡಿನ ಕೊನೆಗೆ ಒಂದು ಆಪ್ಷನ್ ಸೇರಿಸಿ ಕೊಂಡರೆ ಮಾತ್ರ ಕೊಡುತ್ತಾರೆ. ಬಿಓಎಂನಲ್ಲಿ ಬರೀ ಮೂಲ ನಂಬರ್ ಇದ್ದರೆ ಬರುವುದು ವಿಡಿಇ ಗುರುತಿಲ್ಲದ ಪಾರ್ಟ್. ಡೇಟಾಶೀಟಿನ ಮೊದಲ ಪುಟದಲ್ಲಿ ವಿಡಿಇ ಲೋಗೋ ಕಂಡಿದ್ದಕ್ಕೆ ಸಮಾಧಾನಪಡದೆ ಆರ್ಡರಿಂಗ್ ಕೋಷ್ಟಕವನ್ನು ಓದಬೇಕು.

ಪ್ಲಾಸ್ಟಿಕ್ಕಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದೆ. ಪ್ಲಾಸ್ಟಿಕ್ಕಿಗೆ ಹತ್ತಿದ ಬೆಂಕಿ ತಾನಾಗಿ ಬೇಗ ಆರುತ್ತದೆ ಎಂದು ಹೇಳುವ ಯುಎಲ್ 94ರ ವಿ-0 ದರ್ಜೆ ದಪ್ಪಕ್ಕೂ, ಎಷ್ಟೋ ಸಲ ಬಣ್ಣಕ್ಕೂ ಕಟ್ಟುಬಿದ್ದದ್ದು. ನಮ್ಮ ಪ್ಲಾಸ್ಟಿಕ್ಕಿನ ಯೆಲ್ಲೋ ಕಾರ್ಡಿನಲ್ಲಿ (ಯುಎಲ್ ಕೊಡುವ ಪ್ಲಾಸ್ಟಿಕ್ಕಿನ ದಾಖಲೆ) ವಿ-0 ಇದ್ದದ್ದು 1.5 ಮಿಲಿಮೀಟರ್‌ನಿಂದ ಮೇಲಕ್ಕೆ. ಕವಚದ ಗೋಡೆ 2 ಇತ್ತು, ಗಾಳಿಕಿಂಡಿಯ ಬಳಿ ತೆಳುವಾಗಿ 1.2ಕ್ಕೆ ಇಳಿದಿತ್ತು. ಮೋಲ್ಡ್ ತಿದ್ದಿಸಬೇಕಾಯಿತು, ಯಾರಿಗೂ ಖುಷಿಯಾಗಲಿಲ್ಲ.

ಯುಎಲ್‌ನಲ್ಲಿ ಲಿಸ್ಟೆಡ್ (ಪೂರ್ತಿ ಉತ್ಪನ್ನಕ್ಕೆ) ಬೇರೆ, ರೆಕಗ್ನೈಸ್ಡ್ (ಇನ್ನೊಂದರೊಳಗೆ ಬಳಸುವ ಬಿಡಿಭಾಗಕ್ಕೆ) ಬೇರೆ. ಹಿಂದುಮುಂದಾದ ‘ಆರ್’ ಅಕ್ಷರಕ್ಕೆ ‘ಯು’ ಅಂಟಿಕೊಂಡ ಗುರುತು ರೆಕಗ್ನೈಸ್ಡ್ ಪಾರ್ಟಿನದ್ದು. ಅಂಥ ಪಾರ್ಟ್‌ಗಳಿಗೆ ‘ಕಂಡೀಷನ್ಸ್ ಆಫ್ ಆಕ್ಸೆಪ್ಟಬಿಲಿಟಿ’ ಎಂಬ ಷರತ್ತುಗಳಿರುತ್ತವೆ: ಇಷ್ಟು ತಾಪಮಾನದೊಳಗೆ, ಇಂಥ ಕವಚದೊಳಗೆ ಬಳಸಬೇಕು ಎಂದು. ಅದನ್ನು ಸಪ್ಲೈಯರಿನಿಂದ ಕೇಳಿಯೇ ಪಡೆಯುತ್ತೇನೆ, ತಾನಾಗಿ ಕಳಿಸಿದವರು ಅಪರೂಪ. ಆಮೇಲೆ ನಮ್ಮ ಬೋರ್ಡನ್ನು ಪೂರ್ತಿ ಲೋಡಿನಲ್ಲಿ ಓಡಿಸಿ, ಆ ಪಾರ್ಟಿಗೆ ಥರ್ಮೋಕಪಲ್ ಅಂಟಿಸಿ ಬಿಸಿ ಅಳೆದು ಷರತ್ತಿನ ಪಕ್ಕದಲ್ಲಿ ಬರೆಯುತ್ತೇನೆ.

ಪಟ್ಟಿಯಲ್ಲಿ ಈಗ ಪಾರ್ಟಿನ ಪೂರ್ತಿ ಆರ್ಡರ್ ಕೋಡ್, ಮೈಮೇಲಿನ ಗುರುತಿನ ಫೋಟೋ, ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆ, ಯಾವ ಫ್ಯಾಕ್ಟರಿ, ಡೇಟಾಬೇಸ್ ನೋಡಿದ ತಾರೀಖು, ಆ ಪುಟದ ಪ್ರತಿ ಎಲ್ಲವೂ ಇವೆ. ಒಪ್ಪಿಗೆ ಹಿಂದೆಗೆದುಕೊಳ್ಳುವುದೂ ಉಂಟಾದ್ದರಿಂದ, ದೊಡ್ಡ ಬ್ಯಾಚಿಗೆ ಮೊದಲು ಮತ್ತೊಮ್ಮೆ ಹುಡುಕುತ್ತೇನೆ. ಪರ್ಚೇಸ್‌ನವರು ‘ಇದಕ್ಕೆ ಸಮನಾದದ್ದು’ ಎಂದು ಬದಲಿ ತಂದರೆ ಅದು ಹೊಸ ಸಾಲು, ಮೊದಲಿನಿಂದ ಶುರು.